ಹನಿಯಾದ ಕೆಳಗಿನ ಕೋಣೆ

ಜುಲೈ 9, 2006, ಭಾನುವಾರ

ಬೆಳಿಗ್ಗೆಯಿಂದ ಅದೇ ಕೆಲಸ. ಚಹಾ, ಕಂಪ್ಯೂಟರ್, ಮತ್ತೆ ಚಹಾ. ಇವತ್ತು ನೋಡಿದ ಗೆಸ್ಟ್‌ಹೌಸುಗಳಲ್ಲಿ ಒಂದೂ ಕೆಲಸಕ್ಕೆ ಬಾರದು. ಒಂದರಲ್ಲಿ ಬಾತ್‌ರೂಮು ಕಾರಿಡಾರಿನ ತುದಿಗೆ. ಇನ್ನೊಂದರ ಕೆಳಗೇ ಮೀನಿನ ಹೋಟೆಲು. ಆ ವಾಸನೆ ಬಂದರೆ ಪ್ರಭಾ ಗ್ರೀಸ್ ಏನು, ಸ್ವರ್ಗವೂ ಬೇಡ ಅನ್ನುವವಳು.

ಮದುವೆಯಾಗಿ ಇಪ್ಪತ್ತು ವರ್ಷ. ವೆಲ್ಲಿಂಗ್ಟನ್ನಿನ ಈ ಜಾನ್ಸನ್‌ವಿಲ್‌ಗೆ ಬಂದು ಹತ್ತು. ರಜೆ ಅಂದರೆ ಧಾರವಾಡ, ಧಾರವಾಡ ಅಂದರೆ ನೆಂಟರ ಮನೆ. ಈ ಸಲ ಅದಿಲ್ಲ. ಆಫೀಸಿನ ಪಕ್ಕದ ರಸ್ತೆ ಹನಿಯಾ ಸ್ಟ್ರೀಟ್, ಗ್ರೀಕರ ಚರ್ಚು ಇರುವುದು ಅಲ್ಲೇ. ವರ್ಷಗಟ್ಟಲೆ ಆ ಬೋರ್ಡಿನ ಕೆಳಗೇ ನಡೆದಿದ್ದೇನೆ. ಅದು ಒಂದು ಊರಿನ ಹೆಸರು, ವೆಲ್ಲಿಂಗ್ಟನ್ನಿಗೆ ಸಿಸ್ಟರ್ ಸಿಟಿ ಅಂತ ಗೊತ್ತಾದದ್ದು ಕಳೆದ ತಿಂಗಳು. ಗ್ರೀಸಿನ ಕ್ರೀಟ್ ದ್ವೀಪದ ಹಳೇ ಪಟ್ಟಣ. ಚಿತ್ರಗಳನ್ನು ನೋಡಿದೆ. ಬಂದರು, ಲೈಟ್‌ಹೌಸು, ವೆನಿಸ್‌ನವರು ಕಟ್ಟಿದ ಮನೆಗಳು, ಎದುರಿಗೊಬ್ಬರು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿಗಳು. ಪ್ರಭಾಗೂ ತೋರಿಸಿದೆ. "ಛಲೋ ಅದ," ಅಂದಳು. ಅವಳ ಬಾಯಿಂದ ಅಷ್ಟು ಬಂದರೆ ಟಿಕೆಟ್ ಬುಕ್ ಮಾಡಬಹುದು. ಮಾಡಿದೆ, ಸೆಪ್ಟೆಂಬರ್ 22ಕ್ಕೆ.

ಮಗಳು ಪೂರ್ವಿ ಬರುವುದಿಲ್ಲವಂತೆ. ಅಪ್ಪರ್ ಹಟ್‌ನಲ್ಲಿ ಸುಶೀಲಾ ಆಂಟಿ ಮನೆಯಲ್ಲಿ ಇರುತ್ತಾಳಂತೆ. "ಯೂ ಗೈಸ್ ಗೋ. ಜಸ್ಟ್ ನೋ ಮ್ಯಾಚಿಂಗ್ ಟೀ ಶರ್ಟ್ಸ್, ಡ್ಯಾಡ್." ಹದಿನಾರು ವರ್ಷದ ಬಾಯಿ.

ಜುಲೈ 11

ಸಿಕ್ಕಿತು! ಬಂದರಿನ ಹಿಂದಿನ ಓಣಿಯಲ್ಲಿ ಹಳೇ ಕಲ್ಲಿನ ಮನೆ. ಒಡತಿ ಕಲಿಯೋಪಿ ಅಂತ, ವಿಧವೆ. ಮೇಲೆ ಮೂರು ಕೋಣೆ, ಕೆಳಗೆ ಒಂದು. ಕೆಳಗಿನದಕ್ಕೆ ಸಣ್ಣ ಅಡಿಗೆಮನೆ, ಅಂಗಳಕ್ಕೆ ತೆರೆಯುವ ಬಾಗಿಲು, ಅಂಗಳದಲ್ಲಿ ನಿಂಬೆ ಗಿಡ. ಸಮುದ್ರ ಕಾಣುವುದಿಲ್ಲ, ಅದಕ್ಕೇ ಬಾಡಿಗೆ ಎಲ್ಲಕ್ಕಿಂತ ಕಡಿಮೆ. ಸಮುದ್ರ ಬಾಗಿಲು ದಾಟಿದರೆ ಕಾಣುತ್ತದೆ, ಅದಕ್ಕೆ ದುಡ್ಡು ಯಾಕೆ ಕೊಡಬೇಕು. ಮೇಲ್ ಹಾಕಿದೆ. ವಿಳಾಸ, ಫೋನ್ ನಂಬರ್, ಎಲ್ಲ ಕೊಟ್ಟೆ.

ಜುಲೈ 13, ಸಂಜೆ

ಉತ್ತರ ಬಂತು. ಕಲಿಯೋಪಿಗೆ ಇಂಗ್ಲಿಷ್ ಬರೆಯಲು ಬಾರದು, ಅಣ್ಣನ ಮಗಳು ಟೈಪ್ ಮಾಡುತ್ತಾಳಂತೆ. ಕೆಳಗಿನ ಕೋಣೆ ಇಲ್ಲ. ಜರ್ಮನಿಯ ಒಬ್ಬ ಮುದಿ ಚಿತ್ರಕಾರ ಪ್ರತಿ ಸೆಪ್ಟೆಂಬರ್ ಅದರಲ್ಲೇ ಇರುವುದು. ಮೇಲಿನದು ಕೊಡುತ್ತಾರೆ, ಆದರೆ ಅಡಿಗೆ ಮಾಡುವಂತಿಲ್ಲ.

ಎರಡು ವಾರ ಹೋಟೆಲಿನಲ್ಲಿ ತಿಂದರೆ ಬಜೆಟ್ ಗೋವಿಂದ. ತಿನ್ನುವುದಾದರೂ ಏನು? ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಕೊಡಿ ಅಂದರೆ ಬರೀ ತಟ್ಟೆ ಕೊಟ್ಟಾರು. ಸ್ವಲ್ಪ ಯೋಚನೆ ಮಾಡಿ ಬರೆದೆ — ನನ್ನ ಹೆಂಡತಿಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತುವ ಹಾಗಿಲ್ಲ, ಊಟ ತುಂಬಾ ಪಥ್ಯ, ಮಾಂಸ ಮೊಟ್ಟೆ ಈರುಳ್ಳಿ ಬೆಳ್ಳುಳ್ಳಿ ಯಾವುದೂ ಇಲ್ಲ, ದಯವಿಟ್ಟು.

ರೈಲಿನಲ್ಲಿ ಅಪ್ಪ ಹೇಳುತ್ತಿದ್ದದ್ದು ಇದನ್ನೇ. "ಸಾಹೇಬ್ರ, ನಮ್ಮ ಮನ್ಯಾಗಿನವ್ರಿಗೆ ಆಪರೇಷನ್ ಆಗೇದ, ಲೋವರ್ ಬರ್ತ್ ಕೊಡ್ರಿ." ಆ ಟಿ.ಸಿ. ದಿನಕ್ಕೆ ಎಷ್ಟು ಆಪರೇಷನ್ ಕೇಳುತ್ತಿದ್ದನೋ. ಸುಳ್ಳು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಬರ್ತ್ ಇದ್ದರೆ ಕೊಡುತ್ತಾನೆ, ಇಲ್ಲದಿದ್ದರೆ ನಕ್ಕು ಮುಂದೆ ಹೋಗುತ್ತಾನೆ. ಅದೊಂದು ಕೇಳುವ ರೀತಿ, ಅಷ್ಟೇ.

ಜುಲೈ 15, ಶನಿವಾರ

ಕೋಣೆ ನಮ್ಮದು.

ಚಿತ್ರಕಾರನಿಗೆ ಫೋನ್ ಮಾಡಿ ಹೇಳಿದರಂತೆ, ಅವನು ಮರುಮಾತಿಲ್ಲದೆ ಮೇಲಿನ ಕೋಣೆಗೆ ಒಪ್ಪಿದನಂತೆ. ಖುಷಿಯಾಗಬೇಕಿತ್ತು. ಆದರೆ ಮೇಲ್‌ನಲ್ಲಿ ಕೋಣೆಯ ವಿಷಯ ಒಂದೇ ಸಾಲು. ಉಳಿದದ್ದೆಲ್ಲ ಪ್ರಭಾ ಬಗ್ಗೆ. ಪಾಪ, ಎಷ್ಟು ನೋವು ತಿಂದಿದ್ದಾಳೋ. ಆಕೆಯ ಹೆಸರು ಕೊಡಿ, ನಮ್ಮ ಪಾದ್ರಿಗೆ ಕೊಟ್ಟು ಪ್ರಾರ್ಥನೆಯಲ್ಲಿ ಓದಿಸುತ್ತೇನೆ. ನನ್ನ ಚಿಕ್ಕಪ್ಪನ ಮಗಳು ನಿಮ್ಮ ವೆಲ್ಲಿಂಗ್ಟನ್ನಿನಲ್ಲೇ ಇದ್ದಾಳೆ, ಅವಳಿಗೂ ಇದೇ ಕಷ್ಟ ಬಂದಿತ್ತು, ಹೀಗೆ.

ಹೆಸರು ಕೊಡದೆ ಹೇಗಿರುವುದು? ಪ್ರಭಾ ಅಂತ ಬರೆದು ಕಳಿಸಿದೆ. ಕಳಿಸಿದ ಮೇಲೆ ಒಂಥರಾ ಆಯಿತು. ಅರ್ಚನೆಗೆ ಹೆಸರು, ನಕ್ಷತ್ರ ಹೇಳಿ ಚೀಟಿ ಮಾಡಿಸಿದ ಹಾಗೆ. ಟಿ.ಸಿ. ನಗುತ್ತಿದ್ದ. ಈಕೆ ನಕ್ಕಿಲ್ಲ.

ಪ್ರಭಾಗೆ ಕೋಣೆ ಸಿಕ್ಕಿತು ಅಂತ ಮಾತ್ರ ಹೇಳಿದೆ. ಕುಕ್ಕರ್ ಒಯ್ಯಲೋ ಬೇಡವೋ ಅನ್ನುವ ಚಿಂತೆಗೆ ಬಿದ್ದಳು.

ಜುಲೈ 24

ಹನಿಯಾದಿಂದ ಮತ್ತೆ ಮೇಲ್. ನಿನ್ನೆ ಹೆಸರು ಓದಿದರಂತೆ. "ಪ್ರಾವಾ" ಅಂದರಂತೆ ಪಾದ್ರಿ, ದೇವರಿಗೆ ಅರ್ಥವಾಗುತ್ತದೆ ಬಿಡಿ ಅಂತ ಬರೆದಿದ್ದಾರೆ. ಮನೆಯಲ್ಲೂ ದಿನಾ ದೀಪವಂತೆ.

ಅಜ್ಜಿ ಹೇಳುತ್ತಿದ್ದಳು, "ಮುಸ್ಸಂಜಿ ಹೊತ್ನ್ಯಾಗ ಅಶುಭ ಆಡಬ್ಯಾಡ್ರೋ, ಅಸ್ತು ದೇವತಿಗಳು ಅಡ್ಡಾಡ್ತಿರ್ತಾರ." ನಾನು ಆ ಮೇಲ್ ಕಳಿಸಿದ್ದು ಸಂಜೆಯೇ. ಇಂಜಿನಿಯರ್ ಆದವನು ಇದನ್ನೆಲ್ಲ ನಂಬಬಾರದು. ನಂಬುವುದಿಲ್ಲ. ಆದರೂ ಪ್ರಭಾ ಅವರೇಕಾಳು ತಿಂದು ಹೊಟ್ಟೆ ಸವರಿಕೊಂಡಾಗ ಕೇಳಿಯೇಬಿಟ್ಟೆ.

"ಹೊಟ್ಟಿ ನೋಯಾಕತ್ತದೇನು?"

"ಇಲ್ಲ. ಯಾಕ ಇವತ್ತ ಇಷ್ಟ ಕಾಳಜಿ? ಏನ್ ಮಾಡಿ ಬಂದೀರಿ?"

ಏನೂ ಇಲ್ಲ ಅಂದೆ.

ಆಗಸ್ಟ್ 5, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದೆಯೂ ಇರಲಾಗುತ್ತಿಲ್ಲ.

ಒಳ್ಳೆಯ ಬಿಸಿಲಿತ್ತು. ಹೋದ ವಾರದ ದಕ್ಷಿಣದ ಗಾಳಿಗೆ ಸೂರಿನಂಚಿನ ಮಳೆನೀರಿನ ಸ್ಪೌಟಿಂಗ್ ತುಂಬಾ ಕಸ. ನನಗೆ ಎತ್ತರ ಅಂದರೆ ತಲೆ ತಿರುಗುತ್ತದೆ. ಪ್ರಭಾನೇ ಏಣಿ ಹತ್ತಿದ್ದಳು, ನನ್ನ ಹಳೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು. ನಾನು ಕೆಳಗೆ ಏಣಿ ಹಿಡಿದಿದ್ದೆ. ಮನೆ ಮುಂದೆ ಒಂದು ಕಾರು ನಿಂತಿತು. ಅರವತ್ತು ದಾಟಿದ ಹೆಂಗಸು ಇಳಿದರು. ಕೈಯಲ್ಲಿ ಟವೆಲ್ ಸುತ್ತಿದ ಪಾತ್ರೆ. ಬಾಗಿಲ ನಂಬರ್ ನೋಡಿದರು, ನನ್ನನ್ನು ನೋಡಿದರು, ಮೇಲೆ ನೋಡಿದರು.

"ಪ್ರಭಾ? ನೀನೇ ಪ್ರಭಾನಾ? ಇಳಿ ಮಗಳೇ, ಇಳಿ! ದೇವರೇ!" ಆಮೇಲೆ ನನಗೆ, "ನೀನೆಂಥ ಗಂಡನಪ್ಪಾ!"

ಇವರೇ ಡೆಸ್ಪಿನಾ, ಕಲಿಯೋಪಿಯ ಚಿಕ್ಕಪ್ಪನ ಮಗಳು. ಊರಿನ ಆ ತುದಿಯ ಮಿರಾಮಾರ್‌ನಿಂದ ಕಾರು ಓಡಿಸಿಕೊಂಡು ಬಂದಿದ್ದರು. ಪ್ರಭಾ ಇಳಿದು, "ಯಾರ್ರೀ ಇವರು?" ಅಂದಳು. ನಾನು ಇನ್ನೂ ಏಣಿ ಹಿಡಿದೇ ನಿಂತಿದ್ದೆ.

"ಆಪರೇಷನ್ ಆದ ಹೊಟ್ಟೆ ಇಟ್ಟುಕೊಂಡು ಏಣಿ ಹತ್ತುತ್ತಾರಾ?" ಅಂದರು ಡೆಸ್ಪಿನಾ. "ಅಲ್ಲಿ ಕಲಿಯೋಪಿ ನಿನಗಾಗಿ ದಿನಾ ದೀಪ ಹಚ್ಚುತ್ತಿದ್ದಾಳೆ. ಕೆಳಗಿನ ಕೋಣೆಗೆ ಹೊಸ ಹಾಸಿಗೆ ಹಾಕಿಸಿದ್ದಾಳೆ. ನೀನಿಲ್ಲಿ ಏಣಿ ಮೇಲೆ!"

ಪ್ರಭಾ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕು? ಈಗ ಹೇಳಿಬಿಡುತ್ತಾಳೆ ಅಂದುಕೊಂಡೆ. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಗ್ಲೌಸ್ ತೆಗೆದಳು, ನಿಧಾನವಾಗಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ಡಾಕ್ಟರ್ ಸೇಡ್ ಲಿಟ್ಲ್ ಎಕ್ಸರ್‌ಸೈಜ್," ಅಂದಳು.

ಒಳಗೆ ಬಂದು ಕೂತರು. ಪಾತ್ರೆಯಲ್ಲಿ ಬೇಳೆಯ ಸೂಪು. ನಾನು ಬರೆದ ಪಥ್ಯವೆಲ್ಲ ಕಲಿಯೋಪಿ ಫೋನಿನಲ್ಲಿ ಹೇಳಿದ್ದರಂತೆ. "ಈರುಳ್ಳಿಯೂ ಹಾಕಿಲ್ಲ, ಬೆಳ್ಳುಳ್ಳಿಯೂ ಹಾಕಿಲ್ಲ. ರುಚಿಯಿಲ್ಲ, ಬೈಕೋಬೇಡ." ಆಮೇಲೆ ಪ್ರಭಾಳ ಎರಡೂ ಕೈ ಹಿಡಿದುಕೊಂಡರು. "ನನಗೂ ಇದೇ. ಹೊಟ್ಟೆಯ ಕ್ಯಾನ್ಸರ್, ಆಪರೇಷನ್ ಆಗಿ ಎರಡು ವರ್ಷ ಆಯಿತು. ಹೇಳು, ನಿನ್ನ ಗಡ್ಡೆ ಪೂರ್ತಿ ತೆಗೆದರಾ?"

"ಯೆಸ್," ಅಂದಳು ಪ್ರಭಾ. "ಆಲ್."

ಡೆಸ್ಪಿನಾ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ನಾನು ಚಹಾ ಮಾಡುವ ನೆವದಲ್ಲಿ ಎದ್ದು ಹೋದೆ. ಪ್ರಭಾ ಸುಳ್ಳು ಹೇಳಿದ್ದನ್ನು ಇವತ್ತಿನ ತನಕ ಕೇಳಿರಲಿಲ್ಲ. ನನ್ನ ಮಾನ ಉಳಿಸಲು ಹೇಳಿದಳು. ನಾಚಿಕೆ ಅಂದರೆ ಮುಖ ಬಿಸಿಯಾಗುವುದು ಅಂತ ತಿಳಿದಿದ್ದೆ. ಅಲ್ಲ. ಕೈಕಾಲು ತಣ್ಣಗಾದವು.

ಆಗಸ್ಟ್ 6

ಪ್ರಭಾ ಬೆಳಿಗ್ಗೆಯೂ ಅದೇ ಸೂಪು ಬಿಸಿ ಮಾಡಿ ತಿಂದಳು, ಮಧ್ಯಾಹ್ನವೂ. ಬಿಡು, ಚೆಲ್ಲೋಣ ಅಂದೆ.

"ಚೆಲ್ಲಂಗಿಲ್ಲ. ನನ್ನ ಹೆಸರಿಲೆ ಬಂದದ್ದು."

ಬಟ್ಟಲು ತೊಳೆಯುತ್ತಾ, "ಅಲ್ರೀ, ನನ್ನ ಹೊಟ್ಟೀನ ಬೇಕಾಗಿತ್ತೇನು ನಿಮಗ? ನಿಮ್ಮ ಮೊಣಕಾಲು ನೋಯ್ತಾವ ಅಂತ ಬರೀಲಿಕ್ಕೆ ಏನಾಗಿತ್ತು?"

ಹೌದಲ್ಲ. ಹೊಳೆದೇ ಇರಲಿಲ್ಲ. ಅಪ್ಪನೂ ಯಾವತ್ತೂ ತನಗೆ ಆಪರೇಷನ್ ಅಂತ ಹೇಳಲಿಲ್ಲ, ಅವ್ವನ ಹೆಸರೇ ಹೇಳುತ್ತಿದ್ದ. ಅವ್ವ ಪಕ್ಕದಲ್ಲೇ ಟ್ರಂಕಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದಳು. ರೋಗಿಯ ಹಾಗೆ ಕಾಣಲಿ ಅಂತ ಕೂತಿದ್ದಾಳೆ ಅಂದುಕೊಳ್ಳುತ್ತಿದ್ದೆವು.

ಪೂರ್ವಿಗೂ ಗೊತ್ತಾಯಿತು. ನಮ್ಮ ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಬೇಡವಾದಾಗ ಇನ್ನೂ ಚೆನ್ನಾಗಿ. "ಡ್ಯಾಡ್, ಯೂ ಗೇವ್ ಮಮ್ ಕ್ಯಾನ್ಸರ್ ಫಾರ್ ಎ ಕಿಚನ್?"

ಕ್ಯಾನ್ಸರ್ ಅನ್ನುವ ಪದ ನಾನು ಬರೆದೇ ಇಲ್ಲ ಅಂದೆ. ಅವಳು ಬಾಗಿಲು ಹಾಕಿಕೊಂಡಳು.

ಪ್ರಭಾಳ ಷರತ್ತು: ಕಲಿಯೋಪಿಗೆ ಖರೇ ಬರೆಯಬೇಕು. ಇಲ್ಲದಿದ್ದರೆ ಅವಳು ಹನಿಯಾಕ್ಕೆ ಬರುವುದಿಲ್ಲ.

ಆಗಸ್ಟ್ 9

ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. "ನಾನು ಸುಳ್ಳು ಹೇಳಿದೆ" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿದೆ. ಇನ್ಯಾರೋ ಬರೆದ ಹಾಗಿತ್ತು. ಕೊನೆಗೆ ಕಳಿಸಿದ್ದು ಇಷ್ಟು — ನನ್ನ ಹೆಂಡತಿ ಸಂಪೂರ್ಣ ಆರೋಗ್ಯವಾಗಿದ್ದಾಳೆ. ಮೆಟ್ಟಿಲು ಹತ್ತಬಲ್ಲಳು. ದಯವಿಟ್ಟು ಕೆಳಗಿನ ಕೋಣೆಯನ್ನು ಚಿತ್ರಕಾರರಿಗೇ ಕೊಡಿ.

ಒಂದಕ್ಷರ ಸುಳ್ಳಿಲ್ಲ.

ಆಗಸ್ಟ್ 12

ಹನಿಯಾದಲ್ಲಿ ಹಬ್ಬವಂತೆ! ಕಲಿಯೋಪಿ ಹರಕೆಯ ರೊಟ್ಟಿ ಬೇಯಿಸಿ ಚರ್ಚಿನಲ್ಲಿ ಓದಿಸಿ ಓಣಿಗೆಲ್ಲ ಹಂಚಿದರಂತೆ. ಪ್ರಾವಾ ಗುಣವಾದಳು ಅಂತ. ಚಿತ್ರಕಾರ ಕೋಣೆ ವಾಪಸ್ ಬೇಡ ಅಂದನಂತೆ, ಆ ತಾಯಿ ಅಂಗಳದಲ್ಲಿ ಕೂರಲಿ ಅಂದನಂತೆ.

ಪ್ರಭಾ ನನ್ನ ಮೇಲ್ ಓದಿದಳು. ಉತ್ತರವನ್ನೂ ಓದಿದಳು.

"ಖರೇ ಬರೀರಿ ಅಂದ್ರ, ಖರೇ ಹಂಗ ಕಾಣೂದು ಬರದೀರಿ."

ಆಗಸ್ಟ್ 20, ಭಾನುವಾರ

ಡೆಸ್ಪಿನಾ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಾರೆ. ಹೊಲಿಗೆ ಎಳೆಯುತ್ತದಾ, ಹಸಿವು ಆಗುತ್ತದಾ, ನಿದ್ದೆ ಬರುತ್ತದಾ. ಪ್ರಭಾ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಉತ್ತರ ಕೊಡುತ್ತಾಳೆ. ಆಮೇಲೆ ಬೇರೆ ಮಾತೂ ಬರುತ್ತದೆ. ಮಗ ಮೆಲ್ಬರ್ನ್‌ನಲ್ಲಿ, ಗಂಡ ತೀರಿಕೊಂಡಿದ್ದಾನೆ, ಚರ್ಚಿನ ಹೆಂಗಸರ ಜಗಳ. ನಗುತ್ತಾಳೆ ಕೂಡ. ನನ್ನ ಹತ್ತಿರ ಅಷ್ಟು ನಕ್ಕು ಎಷ್ಟು ದಿನವಾಯಿತೋ.

ಫೋನ್ ಇಟ್ಟ ಕೂಡಲೇ ಮುಖ ಬೇರೆ. "ನೀವು ಒಂದ ಸಲ ಸುಳ್ಳ ಹೇಳಿ ಕೈ ತೊಳಕೊಂಡ್ರಿ. ದಿನಾ ಹೇಳಾಕಿ ನಾನು."

ನಾನೇ ಹೋಗಿ ಹೇಳುತ್ತೇನೆ ಅಂದೆ. "ಬ್ಯಾಡ. ನೀವು ಹೇಳಿದ್ರ ಅದಕ್ಕೊಂದು ಲೇಪಾ ಹಚ್ಚಿ ಹೇಳ್ತೀರಿ. ನಾನ ಹೋಗ್ತೀನಿ." ಬರುವ ಭಾನುವಾರ ಮಿರಾಮಾರ್‌ಗೆ ಹೋಗುತ್ತಾಳಂತೆ. ಒಬ್ಬಳೇ.

ಅವಳು ಹೇಳುತ್ತಾಳೆ ಅಂದಾಗ ಹಗುರವಾಯಿತು. ಹಗುರವಾಯಿತಲ್ಲ ಅಂತ ಮತ್ತೆ ನಾಚಿಕೆ.

ಆಗಸ್ಟ್ 27

ನಿಜ ಹೇಳದೆ ವಾಪಸ್ ಬಂದಳು.

ಚಪ್ಪಲಿ ಬಿಡದೆ ಸೋಫಾದ ಮೇಲೆ ಕೂತಳು. ಅವಳು ಹಾಗೆ ಕೂರುವವಳಲ್ಲ. ಡೆಸ್ಪಿನಾಗೆ ಕ್ಯಾನ್ಸರ್ ಮತ್ತೆ ಬಂದಿದೆ. ಇನ್ನೊಂದು ಆಪರೇಷನ್ ಆಗಬೇಕು ಅಂತ ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ದರಂತೆ. ಆಗುವುದಿಲ್ಲ, ಸಾಕು ಅಂದಿದ್ದರಂತೆ ಆಕೆ. ಮಗ ಅತ್ತರೂ ಕೇಳಿರಲಿಲ್ಲ. "ಆ ದಿನ ನಿನ್ನನ್ನು ಏಣಿಯ ಮೇಲೆ ನೋಡಿದೆ," ಅಂದರಂತೆ ಪ್ರಭಾಗೆ. "ಇಷ್ಟು ಬೇಗ ಎದ್ದು ಏಣಿ ಹತ್ತಿದ್ದಾಳೆ ಈ ಹುಡುಗಿ. ನಾನ್ಯಾಕೆ ಹೆದರಬೇಕು ಅನ್ನಿಸಿತು. ಡಾಕ್ಟರಿಗೆ ಹೂಂ ಅಂದುಬಿಟ್ಟೆ." ಸೆಪ್ಟೆಂಬರ್ 26ಕ್ಕೆ. ನನ್ನ ಪಕ್ಕದಲ್ಲಿ ಇರುತ್ತೀಯಾ ಅಂತ ಕೇಳಿದರಂತೆ, ತಕ್ಷಣ ನಾಲಿಗೆ ಕಚ್ಚಿಕೊಂಡು, ಇಲ್ಲ ಇಲ್ಲ, ನೀನು ಹನಿಯಾದಲ್ಲಿರುತ್ತೀ ಅಂದರಂತೆ.

"ಹ್ಯಾಂಗ ಹೇಳಲಿ?" ಅಂದಳು ಪ್ರಭಾ. "ನಂಗ ಏನೂ ಆಗಿಲ್ಲ ಅಂದ್ರ ಆಕಿ ಬ್ಯಾಡ ಅಂದುಬಿಡ್ತಾಳ. ಹೇಳಲಿಲ್ಲಂದ್ರ..."

ಗುಂಡಿ ತೋಡಿದವನು ನಾನು, ಒಳಗಿರುವವಳು ಅವಳು.

ಆಗಸ್ಟ್ 28

"ನಾ ಹನಿಯಾಕ್ಕ ಬರಂಗಿಲ್ಲ. ಟಿಕೀಟು ಕ್ಯಾನ್ಸಲ್ ಮಾಡಸ್ರಿ. ನೀವು ಬೇಕಾದ್ರ ಹೋಗಿ ಆ ಕೆಳಗಿನ ಖೋಲ್ಯಾಗ ಅನ್ನಾ ಮಾಡ್ಕೊಂಡು ಉಣ್ರಿ."

ಮಾಡಿಸಿದೆ, ಇಬ್ಬರದೂ.

ಇನ್ನೊಂದು ಮಾತು ಹೇಳಿದಳು. "ಆಕಿ ಆರಾಮಾಗಿ ಎದ್ದು ಅಡ್ಡಾಡೋ ಹಂಗಾದ ಮ್ಯಾಲೆ ನೀವ ಹೋಗಿ ಹೇಳಬೇಕು. ಲೇಪಾ ಹಚ್ಚದ. ಅಲ್ಲೀತನಕ ನಾ ಹೊರತೀನಿ." ಆಗಲಿ ಅಂದೆ.

ಕಲಿಯೋಪಿಗೆ ಬರೆದೆ: ಬರಲಾಗುವುದಿಲ್ಲ. ಡೆಸ್ಪಿನಾ ಆಪರೇಷನ್ ಸಮಯದಲ್ಲಿ ನನ್ನ ಹೆಂಡತಿ ಜೊತೆಗಿರಬೇಕು ಅನ್ನುತ್ತಾಳೆ. ಈ ಸಲ ನಿಜವಾದ ನಿಜ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಆಗಸ್ಟ್ 31

ಕಲಿಯೋಪಿಯ ಉತ್ತರ. ಪೂರ್ತಿ ಓದಲಾಗಲಿಲ್ಲ. "ನಿಮ್ಮಂಥ ಗಂಡಹೆಂಡತಿಯನ್ನು ದೇವರು ನೋಡುತ್ತಿದ್ದಾನೆ," ಅನ್ನುವ ಸಾಲಿಗೆ ಕಂಪ್ಯೂಟರ್ ಆಫ್ ಮಾಡಿದೆ.

ಸೆಪ್ಟೆಂಬರ್ 24

ಇವತ್ತು ಹನಿಯಾದಲ್ಲಿರಬೇಕಿತ್ತು. ಸಂಜೆ ಬಂದರಿನ ದಂಡೆಯಲ್ಲಿ ನಡೆಯಬೇಕಿತ್ತು. ಪ್ರಭಾ ಅವಲಕ್ಕಿ ಒಗ್ಗರಣೆ ಹಾಕಬೇಕಿತ್ತು, ಓಣಿಗೆಲ್ಲ ಇಂಗಿನ ವಾಸನೆ ಹೋಗಬೇಕಿತ್ತು. ಚಿತ್ರಕಾರ ತನ್ನ ಕೋಣೆಯಲ್ಲೇ ಇದ್ದಾನೆ. ಅದೊಂದು ಸರಿಯಾಯಿತು.

ಪ್ರಭಾ ಡೆಸ್ಪಿನಾ ಮನೆಗೆ ಹೋಗಿದ್ದಾಳೆ, ಆಸ್ಪತ್ರೆಗೆ ಒಯ್ಯುವ ಚೀಲ ತುಂಬಲು. ಇಲ್ಲಿ ಮಳೆ.

ಸೆಪ್ಟೆಂಬರ್ 26, ಮಂಗಳವಾರ

ಬೆಳಿಗ್ಗೆ ಬೇಗ ಆಸ್ಪತ್ರೆಗೆ ಹೋದೆವು. ಡೆಸ್ಪಿನಾ ಮಗನ ವಿಮಾನ ಸಂಜೆಗೆ. ಡೆಸ್ಪಿನಾ ಆಸ್ಪತ್ರೆಯ ಅಂಗಿ ಹಾಕಿ ಮಲಗಿದ್ದರು, ಬಹಳ ಸಣ್ಣಗೆ ಕಂಡರು. ನರ್ಸ್ ಏನೋ ಕೇಳಿದಳು ಅಂತ ಪ್ರಭಾ ಹೊರಗೆ ಹೋದಳು. ನಾನು, ಆಕೆ, ಇಬ್ಬರೇ. ನನ್ನ ಕೈ ಹಿಡಿದುಕೊಂಡರು.

"ಶ್ರೀಪಾದ, ನಿಜ ಹೇಳು. ಪ್ರಭಾ ನನಗೆ ಹೆದರಿಕೆಯಾಗಬಾರದು ಅಂತ ಹೇಳುವುದಿಲ್ಲ. ಮೊದಲನೇ ದಿನ ತುಂಬಾ ನೋವಿತ್ತಾ ಅವಳಿಗೆ?"

ಇತ್ತು ಅಂದೆ. ಆಮೇಲೆ ಕಡಿಮೆಯಾಯಿತು ಅಂದೆ.

"ಯಾರು ನೋಡಿಕೊಂಡರು?"

ನಾನು ಅಂದೆ. ಗಂಜಿ ಮಾಡಿಕೊಟ್ಟೆ, ತಲೆಗೆ ಎಣ್ಣೆ ಹಚ್ಚಿದೆ, ಬಾತ್‌ರೂಮಿಗೆ ಕೈ ಹಿಡಿದು ಕರೆದುಕೊಂಡು ಹೋದೆ, ಹಟ ಮಾಡಿದಾಗ ರಮಿಸಿದೆ. ಒಂದರ ಹಿಂದೆ ಒಂದು ಬಂತು, ತಡವರಿಸಲೇ ಇಲ್ಲ. ಗಂಜಿಗೆ ನೀರೆಷ್ಟು ಅಂತ ಗೊತ್ತಿಲ್ಲದವನು. ಹೋದ ವರ್ಷ ಅವಳಿಗೆ ಫ್ಲೂ ಬಂದಾಗ ಟೇಕ್‌ಅವೇ ತಂದಿಟ್ಟು ಆಫೀಸಿಗೆ ಹೋದವನು. ಡೆಸ್ಪಿನಾ ಮುಖ ಸಡಿಲಾಯಿತು. "ಅದೃಷ್ಟವಂತೆ ಅವಳು," ಅಂದರು. ಆಪರೇಷನ್ನಿಗೆ ಒಯ್ಯಲು ಆಸ್ಪತ್ರೆಯವರು ಬಂದರು. ಆಕೆ ನಗುತ್ತಲೇ ಹೋದರು.

ತಿರುಗಿ ನೋಡಿದರೆ ಪ್ರಭಾ ಪರದೆಯ ಹತ್ತಿರ ನಿಂತಿದ್ದಳು. ಯಾವಾಗ ಬಂದಳೋ.

ಮಧ್ಯಾಹ್ನ ಡಾಕ್ಟರ್ ಬಂದು ಚೆನ್ನಾಗಿ ಆಯಿತು ಅಂದರು. ಸಂಜೆ ಮಗ ಬಂದ. ನಾವು ಹೊರಟೆವು. ಜಾನ್ಸನ್‌ವಿಲ್‌ನ ಸಿಗ್ನಲ್ಲಿನಲ್ಲಿ ನಿಂತಾಗ ಪ್ರಭಾ ಕೇಳಿದಳು, ಜಗಳದ ದನಿಯಲ್ಲ, ಸುಮ್ಮನೆ ಕೇಳುವವರ ಹಾಗೆ.

"ನಂಗ ಖರೇನ ಹಂಗಾದ್ರ, ಅಷ್ಟೆಲ್ಲಾ ಮಾಡ್ತೀರೇನ್ರಿ?"

ಮಾಡ್ತೀನಿ ಅಂದೆ. ಕೂಡಲೇ ಅಂದೆ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಬಹಳ ಹೊತ್ತು. ಹಿಂದಿನವರು ಹಾರ್ನ್ ಹೊಡೆದರು. ಡೆಸ್ಪಿನಾಗೆ ಹೇಳಿದ ದನಿಯಲ್ಲೇ ಇದನ್ನೂ ಹೇಳಿದ್ದೆ, ಅಷ್ಟೇ ಸಲೀಸಾಗಿ, ಅದೇ ಮುಖ ಹೊತ್ತು. ಇದು ಖರೆ. ಖರೆ ಅಂತ ಅವಳನ್ನು ನಾನೀಗ ಹೇಗೆ ನಂಬಿಸಲಿ?